ಒಂದು ಪ್ರತಿಮೆ, ಹತ್ತಿರದ ಶಾಟ್, ದೂರದ ಶಾಟ್: ಫಿರ್ದೌಸ್ ಚೌಕದ ಪ್ರಕರಣ

ಅಮೆರಿಕ ಇರಾಕ್ ಮೇಲೆ ಯುದ್ಧಕ್ಕೆ ಹೋಗಿದ್ದಾಗ, 2003ರ ಏಪ್ರಿಲ್ 9, ಬುಧವಾರ ಸಂಜೆ, ರಾಜಧಾನಿ ಬಾಗ್ದಾದ್‌ನ ಫಿರ್ದೌಸ್ ಚೌಕದಲ್ಲಿ ಅಲ್ಲಿನ ಸರ್ವಾಧಿಕಾರಿ ಸದ್ದಾಂ ಹುಸೇನ್‌ನ ಕಂಚಿನ ಪ್ರತಿಮೆ ಉರುಳಿತು. ಆ ಕಾಲದಲ್ಲಿ ಟಿವಿ ನೋಡ್ತಿದ್ದವರಲ್ಲಿ ಈ ದೃಶ್ಯ ನೋಡದವರು ಬಹಳ ಕಮ್ಮಿ ಇರಬೇಕು. ಟಿವಿ, ಪೇಪರ್ ಎರಡೂ ನಮ್ಮ ತಲೇಲಿ ಅರ್ಥ ಹೇಗೆ ಹುಟ್ಟಿಸ್ತವೆ ಅಂತ ಯಾರಾದ್ರೂ ಕೇಳಿದ್ರೆ ನಾನು ನೇರವಾಗಿ ಥಿಯರಿಗೆ ಹೋಗಲ್ಲ, ಮೊದಲು ಈ ಒಂದು ಪ್ರಕರಣ ತಗೊಂಡು ಕೂತ್ಕೋತೀನಿ. ಯಾಕಂದ್ರೆ ಇಲ್ಲಿ ಹೆಚ್ಚುಕಮ್ಮಿ ಎಲ್ಲಾ ಕಡೆ ಬಂದ ಫುಟೇಜ್ ಅಸಲಿಯೇ, ಬಿದ್ದಿದ್ದು ನಿಜವಾದ ಪ್ರತಿಮೆ, ಕುಣಿದಿದ್ದು ನಿಜವಾದ ಜನ, ಆದ್ರೂ ಅದನ್ನ ನೋಡಿದ ಕೋಟ್ಯಂತರ ಜನಕ್ಕೆ ಸಿಕ್ಕ ಅರ್ಥಕ್ಕೂ ಆ ಚೌಕದಲ್ಲಿ ನಿಂತಿದ್ದವರು ಕಂಡಿದ್ದಕ್ಕೂ ನಡುವೆ ದೊಡ್ಡ ಅಂತರ ಇತ್ತು. ಆ ಅಂತರ ಸುಳ್ಳಿಂದ ಬಂದಿದ್ದಲ್ಲ. ಎಲ್ಲಿಂದ ಬಂತು ಅನ್ನೋದೇ ಇಲ್ಲಿರೋ ಪ್ರಶ್ನೆ.

ಮೊದಲು ನಡೆದಿದ್ದನ್ನ ನಡೆದ ಹಾಗೆ ಹೇಳ್ತೀನಿ. ಆ ಪ್ರತಿಮೆ ಹಳೇದೇನಲ್ಲ, ಸದ್ದಾಂಗೆ 65 ವರ್ಷ ಆಯ್ತು ಅಂತ 2002ರ ಏಪ್ರಿಲ್‌ನಲ್ಲಿ ನಿಲ್ಲಿಸಿದ್ದು, ಅಂದ್ರೆ ಬೀಳೋ ಹೊತ್ತಿಗೆ ಅದಕ್ಕೆ ಒಂದು ವರ್ಷ ವಯಸ್ಸು. ಚೌಕದ ಪಕ್ಕದಲ್ಲೇ ಪ್ಯಾಲೆಸ್ಟೈನ್ ಹೋಟೆಲ್, ಯುದ್ಧ ವರದಿ ಮಾಡೋಕೆ ಬಂದಿದ್ದ ವಿದೇಶಿ ಪತ್ರಕರ್ತರಲ್ಲಿ ಬಹುಪಾಲು ಜನ ಅಲ್ಲೇ ಉಳ್ಕೊಂಡಿದ್ರು. ಇರಾಕ್‌ನ ಮಾಹಿತಿ ಸಚಿವ ಮೊಹಮ್ಮದ್ ಸಯೀದ್ ಅಲ್-ಸಹ್ಹಾಫ್ ಅಮೆರಿಕದ ಸೈನ್ಯ ಬಾಗ್ದಾದ್ ಒಳಗೆ ಬಂದೇ ಇಲ್ಲ ಅಂತ ಪತ್ರಕರ್ತರ ಮುಂದೆ ನಿಂತು ಹೇಳ್ತಿದ್ದಿದ್ದೂ ಆ ಹೋಟೆಲ್‌ನಲ್ಲೇ. ಏಪ್ರಿಲ್ 8ಕ್ಕೆ ಅಮೆರಿಕದ ಟ್ಯಾಂಕ್ ಒಂದು ಅದೇ ಹೋಟೆಲ್ ಮೇಲೆ ಶೆಲ್ ಹೊಡೀತು, ರಾಯಿಟರ್ಸ್‌ನ ತರಾಸ್ ಪ್ರೊತ್ಸ್ಯುಕ್ ಮತ್ತೆ ಸ್ಪೇನ್‌ನ ಟೆಲಿಸಿಂಕೋ ಚಾನೆಲ್‌ನ ಹೊಸೆ ಕೌಸೊ ಅನ್ನೋ ಇಬ್ಬರು ಕ್ಯಾಮೆರಾಮನ್‌ಗಳು ತೀರ್ಕೊಂಡ್ರು. ಅದೇ ದಿನ ಅಲ್ ಜಜೀರಾದ ಬಾಗ್ದಾದ್ ಆಫೀಸ್ ಮೇಲೂ ದಾಳಿ ಆಗಿ ಅವರ ವರದಿಗಾರ ತಾರಿಕ್ ಅಯ್ಯೂಬ್ ಹೋದ್ರು. ಈ ಮೂರು ಸಾವು ನೆನಪಲ್ಲಿಟ್ಕೊಳ್ಳಿ, ವೀಕ್ಷಕರ ವಿಷಯ ಬಂದಾಗ ಇದು ಬೇಕಾಗುತ್ತೆ.

ಮರುದಿನ ಮಧ್ಯಾಹ್ನದ ಮೇಲೆ ಅಮೆರಿಕದ ಮರೀನ್ಸ್ ಪಡೆ ಚೌಕಕ್ಕೆ ಬಂತು. ಒಂದಷ್ಟು ಇರಾಕಿಗಳು ಸೇರಿದ್ರು, ಭಾರ ಎತ್ತೋ ಕ್ರೀಡಾಪಟುವಾಗಿದ್ದ ಒಬ್ಬ ಮೋಟಾರ್‌ಸೈಕಲ್ ಮೆಕ್ಯಾನಿಕ್ ದೊಡ್ಡ ಸುತ್ತಿಗೆ ತಗೊಂಡು ಪೀಠಕ್ಕೆ ಹೊಡೆಯೋಕೆ ಶುರು ಮಾಡಿದ, ಕಾಂಕ್ರೀಟ್ ಚೂರು ಹಾರಿತೇ ಹೊರತು ಪ್ರತಿಮೆ ಅಲ್ಲಾಡಲಿಲ್ಲ, ಕುತ್ತಿಗೆಗೆ ಹಗ್ಗ ಹಾಕಿದ್ರು, ಆಗಲಿಲ್ಲ. ಆಮೇಲೆ ಮರೀನ್ಸ್ ಕಡೆಯಿಂದ ಎಂ88 ಅನ್ನೋ ಗಾಡಿ ಮುಂದೆ ಬಂತು, ಕೆಟ್ಟು ನಿಂತ ಟ್ಯಾಂಕ್‌ಗಳನ್ನ ಎಳೆಯೋಕೆ ಇರೋ ಕ್ರೇನ್ ಗಾಡಿ ಅದು. ಒಬ್ಬ ಕಾರ್ಪೊರಲ್ ಮೇಲೆ ಹತ್ತಿ ಸರಪಳಿ ಬಿಗಿದ, ಬಿಗಿಯೋ ಮಧ್ಯೆ ಪ್ರತಿಮೆ ಮುಖದ ಮೇಲೆ ಅಮೆರಿಕದ ಬಾವುಟ ಹೊದಿಸಿದ. ಸ್ವಲ್ಪ ಹೊತ್ತಲ್ಲೇ ಅದನ್ನ ತೆಗೆದು ಇರಾಕ್‌ನ ಹಳೇ ಬಾವುಟ ಹಾಕಿದ್ರು, ಅದನ್ನೂ ತೆಗೆದ್ರು, ಗಾಡಿ ಹಿಂದಕ್ಕೆ ಹೋಯ್ತು, ಪ್ರತಿಮೆ ಮೊಣಕಾಲಿನ ಕೆಳಗೆ ಬಾಗಿ ಸ್ವಲ್ಪ ಹೊತ್ತು ಹಾಗೇ ನೇತಾಡಿ ಆಮೇಲೆ ಬಿತ್ತು. ಪಾದಗಳು ಪೀಠದ ಮೇಲೇ ಉಳಿದ್ವು. ಜನ ಬಿದ್ದ ಪ್ರತಿಮೆ ಮೇಲೆ ಹತ್ತಿದ್ರು, ತಲೆಯನ್ನ ರಸ್ತೇಲಿ ಎಳ್ಕೊಂಡು ಹೋದ್ರು, ಚಪ್ಪಲಿ ಬೂಟು ತಗೊಂಡು ಹೊಡೆದ್ರು.

ಇಷ್ಟೇ ಘಟನೆ. ಆ ವಾರಗಳಲ್ಲಿ ಇರಾಕ್‌ನ ಬೇರೆ ಊರುಗಳಲ್ಲೂ ಸದ್ದಾಂ ಪ್ರತಿಮೆಗಳು ಬಿದ್ದಿದ್ವು, ಅವು ಯಾರ ನೆನಪಲ್ಲೂ ಇಲ್ಲ. ಇದೊಂದೇ ಯಾಕೆ ಇಡೀ ಯುದ್ಧದ ಚಿತ್ರ ಆಯ್ತು ಅಂದ್ರೆ, ಮೊದಲ ಉತ್ತರ ತುಂಬಾ ಸರಳ, ಕ್ಯಾಮೆರಾಗಳು ಅಲ್ಲೇ ಇದ್ವು. ಸ್ಯಾಟಲೈಟ್ ಲಿಂಕ್ ಹೋಟೆಲ್‌ನಲ್ಲೇ ಇತ್ತು, ಯುದ್ಧ ನಡೀತಿದ್ದ ಬೀದಿಗಳಿಗೆ ಹೋಗೋದು ಜೀವಕ್ಕೆ ಅಪಾಯ, ಇಲ್ಲಿ ಆದ್ರೆ ಬಾಗಿಲಿಂದ ಆಚೆ ಬಂದ್ರೆ ಸಾಕು. ಸುದ್ದಿ ಅಂದ್ರೆ ಮಹತ್ವದ್ದು ಅಂತ ನಾವು ಅಂದ್ಕೋತೀವಿ, ಆದ್ರೆ ಟಿವಿಗೆ ಎಷ್ಟೋ ಸಲ ಮೊದಲು ಬೇಕಿರೋದು ಲೈವ್ ಕೊಡೋಕೆ ಆಗುತ್ತಾ ಅನ್ನೋದು, ಮಹತ್ವ ಆಮೇಲೆ ಸೇರಿಕೊಳ್ಳುತ್ತೆ.

ಈಗ ಶಾಟ್ ವಿಷಯಕ್ಕೆ ಬರೋಣ. ಫಿರ್ದೌಸ್ ಅನ್ನೋದು ವಿಶಾಲವಾದ ವೃತ್ತ, ನಡುವೆ ಪೀಠ, ಸುತ್ತ ಕಂಬಗಳು. ಹೋಟೆಲ್‌ನ ಎತ್ತರದಿಂದ ತೆಗೆದ ವೈಡ್ ಶಾಟ್‌ಗಳಲ್ಲಿ, ಅಂದ್ರೆ ದೂರದ ಶಾಟ್‌ಗಳಲ್ಲಿ, ಕಾಣೋದು ಏನಂದ್ರೆ ವೃತ್ತದ ಬಹುಭಾಗ ಖಾಲಿ, ಅಂಚಲ್ಲಿ ಟ್ಯಾಂಕ್‌ಗಳು, ಪೀಠದ ಸುತ್ತ ಒಂದು ಗುಂಪು, ಆ ಗುಂಪಲ್ಲಿ ಕ್ಯಾಮೆರಾ ಹಿಡಿದವರು ಮತ್ತೆ ಸೈನಿಕರ ಪಾಲೇ ಸಾಕಷ್ಟು. ಅದೇ ನಿಮಿಷದಲ್ಲಿ ಕೆಳಗೆ ನಿಂತು ಹತ್ತಿರದಿಂದ ತೆಗೆದ ಶಾಟ್‌ನಲ್ಲಿ ಅಂಚಿಂದ ಅಂಚಿಗೆ ಜನವೋ ಜನ, ಎತ್ತಿದ ಕೈಗಳು, ಮೇಲೆ ಪ್ರತಿಮೆ. ಎರಡೂ ನಿಜ. ಟಿವಿ ಪರದೆ ಎಷ್ಟು ಜಾಗ ಕೊಡುತ್ತೋ ಅಷ್ಟನ್ನ ತುಂಬಿಸಿದ್ರೆ ನೋಡೋನ ಮನಸ್ಸು ತಾನಾಗಿ ಅಂಚಿನ ಆಚೆಗೂ ಅದನ್ನೇ ಮುಂದುವರಿಸುತ್ತೆ, ಫ್ರೇಮ್ ತುಂಬಾ ಜನ ಇದ್ರೆ ಫ್ರೇಮ್ ಆಚೆ ಲಕ್ಷ ಜನ ಇರ್ತಾರೆ ಅಂತ ಯಾರೂ ಹೇಳಬೇಕಾಗಿಲ್ಲ, ನಾವೇ ಹೇಳ್ಕೋತೀವಿ. ಇದೇ ನನಗೆ ಇಡೀ ಪ್ರಕರಣದಲ್ಲಿ ಮುಖ್ಯ ಅನ್ಸೋದು, ಚಾನೆಲ್ ಹೇಳಿದ ಮಾತು ಅರ್ಧ, ಉಳಿದ ಅರ್ಧ ವೀಕ್ಷಕ ತುಂಬಿದ್ದು, ಹಾಗೆ ನಾವೇ ತುಂಬಿದ್ದನ್ನ ನಾವು ಅನುಮಾನಿಸಲ್ಲ.

ಈ ವಿಷಯದಲ್ಲಿ ವೃತ್ತಿಯ ನಿಯಮ ಎಲ್ಲಿ ಗೆರೆ ಎಳೆಯುತ್ತೆ ನೋಡಿ. ಇದಕ್ಕೆ ಒಂದು ವಾರ ಮುಂಚೆ, ಅದೇ ಯುದ್ಧದಲ್ಲಿ, ಬಸ್ರಾ ಹತ್ತಿರ ತೆಗೆದ ಎರಡು ಫೋಟೋಗಳನ್ನ ಕಂಪ್ಯೂಟರ್‌ನಲ್ಲಿ ಸೇರಿಸಿ ಒಂದು ಮಾಡಿದ್ದಕ್ಕೆ ಲಾಸ್ ಏಂಜಲೀಸ್ ಟೈಮ್ಸ್ ತನ್ನ ಫೋಟೋಗ್ರಾಫರ್‌ನ ಕೆಲಸದಿಂದ ತೆಗೆದಿತ್ತು. ಸರಿಯಾದ ತೀರ್ಮಾನವೇ. ಆದ್ರೆ ಚಿತ್ರದ ಒಳಗೆ ಕೈಯಾಡಿಸಿದ್ರೆ ಕೆಲಸ ಹೋಗುತ್ತೆ, ಚಿತ್ರದ ಅಂಚು ಎಲ್ಲಿ ನಿಲ್ಲಬೇಕು ಅನ್ನೋ ಆಯ್ಕೆಗೆ ಯಾವ ಲೆಕ್ಕವೂ ಕೇಳಲ್ಲ. ಅರ್ಥ ಜಾಸ್ತಿ ಬದಲಾಗೋದು ಎರಡನೇದರಲ್ಲೇ.

ಇನ್ನೊಂದು, ಲೈವ್ ಅನ್ನೋದರ ಒಳಗೇ ಒಂದು ಕಥೆಯ ಆಕಾರ ಇರುತ್ತೆ. ಪ್ರತಿಮೆ ತಕ್ಷಣ ಬೀಳಲಿಲ್ಲ, ಸುತ್ತಿಗೆ, ಹಗ್ಗ, ಸರಪಳಿ, ಕ್ರೇನ್ ಅಂತ ಗಂಟೆಗಟ್ಟಲೆ ಎಳೀತು, ಆ ಹೊತ್ತೆಲ್ಲ ಸ್ಟುಡಿಯೋದಲ್ಲಿ ಕೂತ ಆ್ಯಂಕರ್‌ಗಳು ಏನಾದ್ರೂ ಮಾತಾಡ್ತಾ ಇರಲೇಬೇಕು, ಕಾಯೋ ಹೊತ್ತಲ್ಲಿ ಮನುಷ್ಯ ಮಾತಾಡೋದು ಹಳೇ ನೆನಪನ್ನೇ. ಹಾಗಾಗಿ ಬರ್ಲಿನ್ ಗೋಡೆ ಬಂತು, 1989 ಬಂತು. ಅಮೆರಿಕದ ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಕೂಡ ಅದೇ ದಿನ ಪತ್ರಕರ್ತರ ಮುಂದೆ ಈ ದೃಶ್ಯ ನೋಡಿದ್ರೆ ಬರ್ಲಿನ್ ಗೋಡೆ ಬಿದ್ದಿದ್ದು ನೆನಪಾಗದೇ ಇರೋಕೆ ಸಾಧ್ಯ ಇಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಈ ಹೋಲಿಕೆ ಏನು ಮಾಡಿತು ಅಂತ ನಿಧಾನವಾಗಿ ಯೋಚನೆ ಮಾಡಿ. ಬರ್ಲಿನ್‌ನಲ್ಲಿ ಹೊರಗಿನ ಸೈನ್ಯ ಬಂದು ಗೋಡೆ ಒಡೆಯಲಿಲ್ಲ, ಆ ಊರಿನ ಜನ ಹತ್ತಿ ನಿಂತು ಒಡೆದ್ರು. 1956ರ ಅಕ್ಟೋಬರ್‌ನಲ್ಲಿ ಬುಡಾಪೆಸ್ಟ್‌ನ ಜನ ಸ್ಟಾಲಿನ್ ಪ್ರತಿಮೆ ಉರುಳಿಸಿದಾಗ್ಲೂ ಹಾಗೇ, ಅಲ್ಲೂ ಪೀಠದ ಮೇಲೆ ಬೂಟುಗಳು ಮಾತ್ರ ಉಳಿದಿದ್ವು, ಚಿತ್ರ ನೋಡಿದ್ರೆ ಎರಡೂ ಒಂದೇ ಥರ ಕಾಣುತ್ತೆ. ಆದ್ರೆ ಒಂದು ಕಡೆ ಎಳೆದವರು ಊರವರು, ಇನ್ನೊಂದು ಕಡೆ ಎಳೆದಿದ್ದು ಆಗಷ್ಟೇ ಊರೊಳಗೆ ಬಂದ ಸೈನ್ಯದ ಗಾಡಿ. ಹೋಲಿಕೆ ಹೇಳಿದ ಕೂಡ್ಲೇ ಆ ವ್ಯತ್ಯಾಸ ನೋಡೋರ ಕಣ್ಣಿಂದ ಜಾರಿ ಹೋಯ್ತು. ಕ್ರೇನ್ ಪರದೆ ಮೇಲೇ ಇತ್ತು, ಎಲ್ಲರ ಕಣ್ಣೆದುರೇ ಇತ್ತು, ಆದ್ರೂ ಜನ ಎಳೆದ್ರು ಅಂತಲೇ ತಲೇಲಿ ಉಳೀತು.

ಬಾವುಟದ ಆ ಒಂದೆರಡು ನಿಮಿಷವನ್ನ ನಾನು ಪಾಠ ಹೇಳೋ ಕಡೆ ಎಲ್ಲ ಎತ್ತಿಕೊಳ್ತೀನಿ. ಆ ಬಾವುಟ ಕಾರ್ಪೊರಲ್‌ದಲ್ಲ, ಅದೇ ಪಡೆಯ ಒಬ್ಬ ಲೆಫ್ಟಿನೆಂಟ್‌ದು, ಆತ 2001ರ ಸೆಪ್ಟೆಂಬರ್ 11ರಂದು ದಾಳಿ ಆದಾಗ ಅಮೆರಿಕದ ರಕ್ಷಣಾ ಇಲಾಖೆಯ ಪೆಂಟಗನ್ ಕಟ್ಟಡದಲ್ಲೇ ಇದ್ದವನು. ಅಂದ್ರೆ ಅಲ್ಲಿದ್ದ ಸೈನಿಕರಿಗೆ ಆ ಬಟ್ಟೆ ಒಂದು ಖಾಸಗಿ ನೋವಿನ, ಹೆಮ್ಮೆಯ ವಸ್ತು. ಪರದೆ ಮೇಲೆ ಬಂದ ತಕ್ಷಣ ಆ ಹಿನ್ನೆಲೆ ಎಲ್ಲ ಹೊರಗೆ ಉಳೀತು, ಕಂಡಿದ್ದು ಇಷ್ಟೇ, ಒಂದು ಅರಬ್ ದೇಶದ ರಾಜಧಾನೀಲಿ ಆ ದೇಶದ ನಾಯಕನ ಮುಖದ ಮೇಲೆ ಅಮೆರಿಕದ ಬಾವುಟ. ಬಿಡುಗಡೆ ಅನ್ನೋ ಕಥೆ ಕ್ಷಣದಲ್ಲಿ ಆಕ್ರಮಣ ಅನ್ನೋ ಕಥೆ ಆಗಿಬಿಡ್ತು. ಅದಕ್ಕೇ ಅಷ್ಟು ಬೇಗ ತೆಗೆದು ಇರಾಕ್ ಬಾವುಟ ತಂದಿದ್ದು. ಕಳಿಸೋನ ಉದ್ದೇಶ ಚಿತ್ರದ ಜೊತೆ ಪ್ರಯಾಣ ಮಾಡಲ್ಲ ಅನ್ನೋದಕ್ಕೆ ಇದಕ್ಕಿಂತ ಚೆನ್ನಾಗಿರೋ ಉದಾಹರಣೆ ನನಗೆ ಸಿಕ್ಕಿಲ್ಲ.

ಆಮೇಲೆ ಮರುಪ್ರಸಾರ. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಶಾನ್ ಏಡೇ ಮತ್ತೆ ಜೊತೆಯವರು ಆ ದಿನದ ಅಮೆರಿಕನ್ ಟಿವಿ ಪ್ರಸಾರ ಕೂತು ಎಣಿಸಿ 2005ರಲ್ಲಿ ಪ್ರಕಟಿಸಿದ್ರು. ಬೆಳಗ್ಗೆ 11ರಿಂದ ರಾತ್ರಿ 8ರವರೆಗೆ ಫಾಕ್ಸ್ ನ್ಯೂಸ್ ಸರಾಸರಿ 4.4 ನಿಮಿಷಕ್ಕೊಮ್ಮೆ, ಸಿಎನ್‌ಎನ್ 7.5 ನಿಮಿಷಕ್ಕೊಮ್ಮೆ ಆ ದೃಶ್ಯ ತೋರಿಸ್ತು. ಒಂಬತ್ತು ಗಂಟೆಗೆ ಲೆಕ್ಕ ಹಾಕಿದ್ರೆ ಒಂದು ಚಾನೆಲ್‌ನಲ್ಲಿ ನೂರಿಪ್ಪತ್ತು ಸಲ ದಾಟುತ್ತೆ, ಇನ್ನೊಂದರಲ್ಲಿ ಎಪ್ಪತ್ತರ ಹತ್ತಿರ. ಒಂದು ಸಲ ಬಿದ್ದ ಪ್ರತಿಮೆ ದಿನವಿಡೀ ಬೀಳ್ತಾನೇ ಇತ್ತು. ಹೀಗೆ ಪದೇ ಪದೇ ತೋರಿಸಿದಾಗ ಏನಾಗುತ್ತೆ ಅಂದ್ರೆ ಅದು ಒಂದು ಜಾಗದಲ್ಲಿ ಒಂದು ಹೊತ್ತಲ್ಲಿ ನಡೆದ ಘಟನೆ ಅನ್ನೋದು ಮಾಸಿ ಹೋಗಿ ದೇಶದ ಪರಿಸ್ಥಿತಿಯೇ ಅದು ಅನ್ನೋ ಭಾವನೆ ಬರುತ್ತೆ. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಇದೆ, ಪ್ರತಿಮೆ ಬಿದ್ದ ಮೇಲಿನ ದಿನಗಳಲ್ಲಿ ಯುದ್ಧದ ಸುದ್ದಿ ಚಾನೆಲ್‌ಗಳಲ್ಲಿ ಗಮನಾರ್ಹವಾಗಿ ಇಳೀತು, ಹೊಡೆದಾಟ ನಿಂತಿರಲಿಲ್ಲ, ತೋರಿಸೋದು ಕಮ್ಮಿ ಆಯ್ತು ಅಷ್ಟೇ. ಕಥೆಗೆ ಕೊನೆ ಸಿಕ್ಕಿಬಿಟ್ಟಿತ್ತು, ಆಮೇಲೆ ಬರೋದೆಲ್ಲ ಕಥೆ ಮುಗಿದ ಮೇಲಿನ ಚಿಲ್ಲರೆ ಸುದ್ದಿ ಥರ ಕಂಡಿತು.

ರಮ್ಸ್‌ಫೆಲ್ಡ್ ವಿಷಯ ಇಲ್ಲಿ ಮತ್ತೆ ಬರುತ್ತೆ. ಪ್ರತಿಮೆ ಬಿದ್ದ ಮರುದಿನದಿಂದ ಬಾಗ್ದಾದ್‌ನಲ್ಲಿ ಲೂಟಿ ಜೋರಾಯ್ತು, ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನೇ ದೋಚಿದ್ರು, ಆ ಚಿತ್ರಗಳೂ ಟಿವೀಲಿ ಬಂದ್ವು. ಏಪ್ರಿಲ್ 11ರಂದು ರಮ್ಸ್‌ಫೆಲ್ಡ್, ಟಿವೀಲಿ ಒಬ್ಬ ಮನುಷ್ಯ ಹೂದಾನಿ ಹಿಡ್ಕೊಂಡು ಕಟ್ಟಡದಿಂದ ಆಚೆ ಬರೋ ಅದೇ ಚಿತ್ರವನ್ನ ಮತ್ತೆ ಮತ್ತೆ ಇಪ್ಪತ್ತು ಸಲ ತೋರಿಸ್ತಾರೆ, ಆ ದೇಶದಲ್ಲಿ ಅಷ್ಟೊಂದು ಹೂದಾನಿ ಇದ್ವಾ ಅನ್ಸುತ್ತೆ ಅನ್ನೋ ಅರ್ಥದಲ್ಲಿ ಹೇಳಿದ್ರು. ಮರುಪ್ರಸಾರ ಅರ್ಥವನ್ನ ಹೇಗೆ ಊದಿಸುತ್ತೆ ಅನ್ನೋದಕ್ಕೆ ಇದು ಒಳ್ಳೇ ವಿಶ್ಲೇಷಣೆಯೇ, ಅದರಲ್ಲಿ ತಪ್ಪಿಲ್ಲ. ಎರಡು ದಿನ ಮುಂಚೆ ಅದೇ ಟಿವಿ ಇನ್ನೊಂದು ಚಿತ್ರವನ್ನ ಹಾಗೇ ತೋರಿಸಿದಾಗ ಈ ವಿಶ್ಲೇಷಣೆ ಅವರ ಬಾಯಿಂದ ಬರಲಿಲ್ಲ. ವೀಕ್ಷಕರಾಗಿ ನಾವೂ ಇದನ್ನೇ ಮಾಡೋದು, ನಮಗೆ ಒಪ್ಪದ ಚಿತ್ರದಲ್ಲಿ ಮಾತ್ರ ಕ್ಯಾಮೆರಾದ ಕೈವಾಡ ನಮಗೆ ಕಾಣುತ್ತೆ.

ಪೇಪರ್‌ಗೆ ಬಂದಾಗ

ಟಿವಿಗೆ ಚಲನೆ ಇದೆ, ಸದ್ದಿದೆ, ಪೇಪರ್‌ಗೆ ಒಂದೇ ಒಂದು ಕ್ಷಣ ಸಿಗೋದು. ಪ್ರತಿಮೆ ಬಿದ್ದಾಗ ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಗ್ಗೆ, ಅಂದ್ರೆ ಪೇಪರ್‌ಗಳ ಡೆಸ್ಕ್‌ನಲ್ಲಿದ್ದವರಿಗೆ ಇಡೀ ದಿನ ಟೈಮ್ ಇತ್ತು, ಆ ಇಡೀ ದಿನ ನ್ಯೂಸ್‌ರೂಮ್ ಟಿವಿಗಳಲ್ಲಿ ಅದೇ ದೃಶ್ಯ ಓಡ್ತಿತ್ತು. ಮರುದಿನ ಏಪ್ರಿಲ್ 10ರ ಮುಖಪುಟಗಳಲ್ಲಿ ಪ್ರಪಂಚದ ಎಷ್ಟೋ ಕಡೆ ಪ್ರತಿಮೆಯೇ. ಯಾವ ಕ್ಷಣದ ಫೋಟೋ ಆರಿಸ್ತಾರೆ ಅನ್ನೋದರಲ್ಲೇ ಅರ್ಥ ಶುರು ಆಗುತ್ತೆ. ನೆಟ್ಟಗೆ ನಿಂತಿರೋ ಪ್ರತಿಮೆ ಆದ್ರೆ ಅಧಿಕಾರ ಇನ್ನೂ ಇದೆ, ಬಿದ್ದು ನೆಲ ಮುಟ್ಟಿದ್ದಾದ್ರೆ ಬರೀ ಲೋಹದ ತುಂಡು, ಅರ್ಧ ಬಾಗಿರೋದು ಆದ್ರೆ ಬೀಳ್ತಿರೋ ಆ ಕ್ಷಣ ಕಾಗದದ ಮೇಲೆ ಶಾಶ್ವತ ಆಗುತ್ತೆ. ರಾಯಿಟರ್ಸ್‌ನ ಗೊರಾನ್ ತೊಮಾಸೆವಿಚ್ ತೆಗೆದ ಫೋಟೋ ಅಂಥದ್ದು, ಪ್ರತಿಮೆ ಓರೆಯಾಗಿ ಬೀಳ್ತಾ ಇದೆ, ಮುಂದೆ ಒಬ್ಬ ಅಮೆರಿಕದ ಸೈನಿಕ ನಿಂತು ನೋಡ್ತಿದ್ದಾನೆ. ನಾನು ಆ ಫೋಟೋನ ಪ್ರಾಮಾಣಿಕ ಫೋಟೋ ಅಂತಲೇ ಹೇಳ್ತೀನಿ, ಯಾಕಂದ್ರೆ ಸೈನಿಕ ಫ್ರೇಮ್ ಒಳಗೇ ಇದ್ದಾನೆ, ಯಾರ ಸಮ್ಮುಖದಲ್ಲಿ ಇದು ನಡೀತು ಅನ್ನೋದನ್ನ ಅದು ಮುಚ್ಚಿಡಲ್ಲ. ಅದೇ ಗಳಿಗೆಯ ಬೇರೆ ಫೋಟೋಗಳಲ್ಲಿ ಸಂಭ್ರಮಿಸೋ ಕೈಗಳು, ಪ್ರತಿಮೆ, ಆಕಾಶ ಇಷ್ಟೇ.

ಫೋಟೋ ಆದ್ಮೇಲೆ ಹೆಡ್‌ಲೈನ್ ಮತ್ತೆ ಕ್ಯಾಪ್ಷನ್. ಚಿತ್ರ ಒಂದೇ ಇದ್ರೂ ಅದಕ್ಕೆ ಹತ್ತಾರು ಅರ್ಥ ಸಾಧ್ಯ, ಪಕ್ಕದ ಬರಹ ಅದರಲ್ಲಿ ಒಂದನ್ನ ಗಟ್ಟಿ ಹಿಡಿದು ಉಳಿದವನ್ನ ಬಿಟ್ಟುಬಿಡುತ್ತೆ ಅಂತ ಫ್ರಾನ್ಸ್‌ನ ರೋಲಾನ್ ಬಾರ್ಥ್ 1964ರಲ್ಲೇ ಬರೆದಿದ್ರು. ನಮ್ಮ ಭಾಷೇಲೇ ಪರೀಕ್ಷೆ ಮಾಡಿ ನೋಡಬಹುದು, ನಾನೇ ಮೂರು ಹೆಡ್‌ಲೈನ್ ಬರೀತೀನಿ, ಮೂರಕ್ಕೂ ಅದೇ ಫೋಟೋ. "ಸದ್ದಾಂ ಪ್ರತಿಮೆ ಉರುಳಿಸಿದ ಬಾಗ್ದಾದ್ ಜನ". "ಬಾಗ್ದಾದ್: ಉರುಳಿದ ಸದ್ದಾಂ ಪ್ರತಿಮೆ". "ಸದ್ದಾಂ ಪ್ರತಿಮೆ ಉರುಳಿಸಿದ ಅಮೆರಿಕ ಸೇನೆ". ಮೊದಲನೇದರಲ್ಲಿ ಕ್ರಾಂತಿ ಆಗಿದೆ, ಮೂರನೇದರಲ್ಲಿ ಒಂದು ರಾಜಧಾನಿ ಕೈವಶ ಆಗಿದೆ, ಮಧ್ಯದ್ದರಲ್ಲಿ ಮಾಡಿದವರೇ ಇಲ್ಲ, ಕಾಲ ಬಂತು ಬಿತ್ತು ಅನ್ನೋ ಹಾಗೆ. ಮೂರರಲ್ಲಿ ಯಾವುದನ್ನೂ ಸುಳ್ಳು ಅಂತ ಕೋರ್ಟಿಗೆ ಎಳೆಯೋಕೆ ಆಗಲ್ಲ. ಡೆಸ್ಕ್‌ನಲ್ಲಿ ಸಬ್ ಎಡಿಟರ್ ಜಾಗ ಸಾಲ್ತಿಲ್ಲ ಅಂತ ಒಂದು ಪದ ತೆಗೆದಾಗ ಆಗೋದು ಇದೇ, ಬಹಳ ಸಲ ಯಾವ ದುರುದ್ದೇಶವೂ ಇರಲ್ಲ.

ಆದ್ರೆ ಈ ಪ್ರಕರಣದಲ್ಲಿ ಜಾಗದ ಸಮಸ್ಯೆಗಿಂತ ದೊಡ್ಡದೊಂದು ನಡೀತು. ಪೀಟರ್ ಮಾಸ್ ಅನ್ನೋ ಪತ್ರಕರ್ತ ಆ ಮರೀನ್ಸ್ ಪಡೆ ಜೊತೆಗೇ ಬಾಗ್ದಾದ್‌ಗೆ ಬಂದಿದ್ದವರು, 2011ರಲ್ಲಿ ನ್ಯೂಯಾರ್ಕರ್‌ನಲ್ಲಿ ಆ ದಿನದ ಬಗ್ಗೆ ಉದ್ದದ ವರದಿ ಬರೆದ್ರು. ಅದರಲ್ಲಿ ಬರೋ ಒಂದು ಸಂಗತಿ ಸಾನ್ ಫ್ರಾನ್ಸಿಸ್ಕೋ ಕ್ರಾನಿಕಲ್‌ನ ರಾಬರ್ಟ್ ಕೊಲಿಯರ್‌ದು. ಅವರು ಚೌಕದಲ್ಲಿದ್ದ ಇರಾಕಿಗಳ ಸಂಖ್ಯೆ ಕಮ್ಮಿ, ಅವರಲ್ಲೂ ಬಹಳಷ್ಟು ಜನಕ್ಕೆ ಅಂಥ ಉತ್ಸಾಹ ಇರಲಿಲ್ಲ ಅಂತ ವರದಿ ಕಳಿಸಿದ್ರು, ಪ್ರಿಂಟ್ ಆಗಿ ಬಂದಾಗ ಅದು ಹರ್ಷೋದ್ಗಾರ ಮಾಡ್ತಿರೋ ಜನಸ್ತೋಮದ ಕಥೆಯಾಗಿತ್ತು. ಎನ್‌ಪಿಆರ್ ರೇಡಿಯೋದ ಆ್ಯನ್ ಗ್ಯಾರೆಲ್ಸ್‌ದೂ ಅದೇ ಅನುಭವ, ಟಿವೀಲಿ ಇಷ್ಟು ಸಂಭ್ರಮ ಕಾಣ್ತಿದೆ, ನಿಮ್ಮ ವರದೀಲೂ ಅದಕ್ಕೆ ಒತ್ತು ಕೊಡಿ ಅಂತ ಅವರ ಎಡಿಟರ್‌ಗಳು ಕೇಳಿದ್ರು, ಗ್ಯಾರೆಲ್ಸ್ ಇಲ್ಲಿ ಜನ ಎಷ್ಟು ಕಮ್ಮಿ ಅಂದ್ರೆ ಅವರ ಕೈಲೇ ಪ್ರತಿಮೆ ಬೀಳಿಸೋಕೆ ಆಗ್ತಿಲ್ಲ ಅಂತ ವಾಪಸ್ ಹೇಳಿದ್ರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ವರದಿಗಾರ ಚೌಕದಲ್ಲಿ ನಿಂತಿದ್ದಾನೆ, ಎಡಿಟರ್ ಸಾವಿರಾರು ಕಿಲೋಮೀಟರ್ ದೂರದ ಆಫೀಸಲ್ಲಿ ಟಿವಿ ಮುಂದೆ ಕೂತಿದ್ದಾನೆ, ಆದ್ರೂ ಎಡಿಟರ್‌ಗೆ ನಾನು ಕಣ್ಣಾರೆ ನೋಡ್ತಿದ್ದೀನಿ ಅನ್ನೋ ಖಾತ್ರಿ ಇದೆ. ಲೈವ್ ಟಿವಿ ಕೊಡೋ ದೊಡ್ಡ ಭ್ರಮೆ ಇದು, ನೋಡ್ತಿರೋನಿಗೆ ತಾನೇ ಸಾಕ್ಷಿ ಅನ್ಸೋದು. ಟಿವಿ ಬಂದ ಮೇಲೆ ಪೇಪರ್ ಸ್ವತಂತ್ರವಾಗಿ ಅರ್ಥ ಕಟ್ಟುತ್ತೆ ಅಂತ ನಾವು ಎರಡನ್ನೂ ಬೇರೆ ಬೇರೆ ಪಾಠ ಮಾಡ್ತೀವಿ, ವಾಸ್ತವದಲ್ಲಿ ಪೇಪರ್‌ನ ಎಡಿಟರೇ ಟಿವಿಯ ಮೊದಲ ವೀಕ್ಷಕ. ಓದುಗನಿಗೆ ಎರಡು ಕಡೆಯಿಂದ ಒಂದೇ ವಿಷಯ ಬಂದಾಗ ಎರಡು ಸಾಕ್ಷಿ ಸಿಕ್ಕ ಹಾಗೆ ಅನ್ಸುತ್ತೆ, ಒಂದು ಇನ್ನೊಂದನ್ನ ನೋಡಿ ಬರೆದಿದ್ದು ಅನ್ನೋದು ಅವನಿಗೆ ಕಾಣೋ ದಾರಿಯೇ ಇಲ್ಲ.

ನೋಡಿದವರು ಯಾರು

ವೀಕ್ಷಕ ಅನ್ನೋನು ಹಾಕಿದ್ದನ್ನೆಲ್ಲ ತುಂಬಿಸಿಕೊಳ್ಳೋ ಖಾಲಿ ಪಾತ್ರೆ ಅಲ್ಲ ಅಂತ ಬ್ರಿಟನ್‌ನ ಸ್ಟುವರ್ಟ್ ಹಾಲ್ 1973ರಲ್ಲಿ ವಾದಿಸಿದ್ರು. ಕಳಿಸಿದೋರು ಬಯಸಿದ ಅರ್ಥವನ್ನೇ ಕೆಲವರು ತಗೋತಾರೆ, ಕೆಲವರು ಅರ್ಧ ಒಪ್ಪಿ ಅರ್ಧ ತಮ್ಮ ಅನುಭವಕ್ಕೆ ಹೊಂದಿಸ್ಕೋತಾರೆ, ಇನ್ನು ಕೆಲವರು ಪೂರ್ತಿ ತಿರುಗಿಸಿ ಓದ್ತಾರೆ ಅಂತ. ಫಿರ್ದೌಸ್ ಪ್ರಕರಣಕ್ಕೆ ಇದು ಚೆನ್ನಾಗಿ ಹೊಂದುತ್ತೆ. ಮಗ ಅಥವಾ ಗಂಡ ಸೈನ್ಯದಲ್ಲಿರೋ ಅಮೆರಿಕದ ಮನೆಗೆ ಆ ದೃಶ್ಯ ಅಂದ್ರೆ ಇನ್ನೇನು ಮನೆಗೆ ಬರ್ತಾನೆ ಅನ್ನೋ ನಿರಾಳ. ಯುದ್ಧ ಬೇಡ ಅಂತ ಬೀದಿಗೆ ಇಳಿದವನಿಗೆ ಸರ್ವಾಧಿಕಾರಿ ಹೋಗಿದ್ದು ಒಳ್ಳೇದೇ, ಆದ್ರೆ ಹೀಗಲ್ಲ ಅನ್ನೋ ಇಬ್ಬಂದಿ. ಹಿಂದಿನ ದಿನವಷ್ಟೇ ತಮ್ಮ ವರದಿಗಾರನ ಸಾವಿನ ಸುದ್ದಿಯನ್ನ ಅಲ್ ಜಜೀರಾದಲ್ಲಿ ನೋಡಿದ ಅರಬ್ ವೀಕ್ಷಕನಿಗೆ ಅದೇ ಟ್ಯಾಂಕ್‌ಗಳು, ಅದೇ ಹೋಟೆಲ್ ಮುಂದಿನ ಚೌಕ, ಮೇಲೆ ಆ ಬಾವುಟ. ಅವನು ನೋಡಿದ ಚಿತ್ರ ಬೇರೆ ಅಲ್ಲ, ಅವನ ಹಿಂದಿನ ದಿನ ಬೇರೆ.

ಇನ್ನೊಂದು ವರ್ಗ ಇದೆ, ಅದನ್ನ ಹೆಚ್ಚಿನ ವಿಶ್ಲೇಷಣೆಗಳು ಮರೆತುಬಿಡ್ತವೆ. ಬಾಗ್ದಾದ್‌ನ ಜನ. ಏಪ್ರಿಲ್ ಮೊದಲ ವಾರದಲ್ಲೇ ಊರಿನ ಬಹುಭಾಗಕ್ಕೆ ಕರೆಂಟ್ ಹೋಗಿತ್ತು, ಸದ್ದಾಂ ಕಾಲದಲ್ಲಿ ಡಿಶ್ ಇಟ್ಕೊಳ್ಳೋದೇ ನಿಷೇಧ ಆಗಿತ್ತು. ಹಾಗಾಗಿ ಯಾರ ಹೆಸರಲ್ಲಿ ಆ ಸಂಭ್ರಮ ಪ್ರಪಂಚಕ್ಕೆಲ್ಲ ಹೋಯ್ತೋ ಆ ಊರಿನ ಬಹಳಷ್ಟು ಜನ ಆ ಸಂಜೆ ಅದನ್ನ ಟಿವೀಲಿ ನೋಡಿರೋ ಸಾಧ್ಯತೆಯೇ ಕಮ್ಮಿ. ಬೇರೆಯವರು ಮನೇಲಿ ಕೂತು ಬಾಗ್ದಾದ್ ಜನ ಸಂತೋಷವಾಗಿದ್ದಾರೆ ಅಂತ ತಿಳ್ಕೋತಿದ್ದಾಗ ಅವರು ಕತ್ತಲಲ್ಲಿ ನೀರು ಹೇಗೆ, ರಾತ್ರಿ ಹೇಗೆ ಅಂತ ಯೋಚನೆ ಮಾಡ್ತಿದ್ರು. ವೀಕ್ಷಕರಿಗಾಗಿ ಅರ್ಥ ಕಟ್ಟೋದು ಅಂತ ಮಾತಾಡುವಾಗ, ವೀಕ್ಷಕ ಆಗೋ ಅವಕಾಶವೇ ಇಲ್ಲದೆ ಬರೀ ದೃಶ್ಯ ಆಗಿ ಉಳಿದವರು ಯಾರು ಅಂತಲೂ ಕೇಳಬೇಕು ಅಂತ ನನಗೆ ಬಲವಾಗಿ ಅನ್ಸುತ್ತೆ.

ಎಲ್ಲಾ ನಾಟಕ ಅಂದವರು

ಕಥೆ ಇಲ್ಲಿಗೆ ಮುಗಿಯಲ್ಲ. ಸ್ವಲ್ಪ ದಿನದಲ್ಲೇ ವೈಡ್ ಶಾಟ್‌ಗಳು ಇಂಟರ್ನೆಟ್‌ನಲ್ಲಿ ಓಡಾಡೋಕೆ ಶುರು ಆದ್ವು, ನೋಡಿ ಜನವೇ ಇಲ್ಲ, ಎಲ್ಲಾ ಸೆಟ್ ಹಾಕಿ ಮಾಡಿದ್ದು ಅಂತ. 2004ರ ಜುಲೈನಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಅಮೆರಿಕದ ಸೇನೆಯದೇ ಆಂತರಿಕ ಅಧ್ಯಯನವೊಂದರ ಬಗ್ಗೆ ಬರೀತು, ಪ್ರತಿಮೆ ಬೀಳಿಸೋ ತೀರ್ಮಾನ ಒಬ್ಬ ಮರೀನ್ ಅಧಿಕಾರಿಯದು, ಸೇನೆಯ ಮನೋಯುದ್ಧ ತಂಡ ಲೌಡ್‌ಸ್ಪೀಕರ್ ಹಿಡಿದು ಇರಾಕಿಗಳನ್ನ ಜೊತೆಗೆ ಸೇರಿಸ್ಕೊಂಡಿತು ಅಂತ ಅದರಲ್ಲಿತ್ತು. ನಾಟಕ ಅನ್ನೋರಿಗೆ ಇದು ದೊಡ್ಡ ಬಲ ಕೊಡ್ತು.

ನಾನು ಆ ಓದನ್ನೂ ಪೂರ್ತಿ ಒಪ್ಪಲ್ಲ. ಮಾಸ್ ಬರೆದಿದ್ದರ ಪ್ರಕಾರ ಮೇಲಿಂದ ಯಾರೂ ಮೊದಲೇ ಪ್ಲ್ಯಾನ್ ಮಾಡಿರಲಿಲ್ಲ, ಸ್ಥಳದಲ್ಲಿದ್ದ ಮರೀನ್ಸ್ ಅಧಿಕಾರಿಗಳು ಇರಾಕಿಗಳ ಕೈಲಿ ಆಗ್ತಿಲ್ಲ, ಇಷ್ಟೊಂದು ಕ್ಯಾಮೆರಾ ನೋಡ್ತಿದೆ ಅನ್ನೋದನ್ನ ಗಮನಿಸಿ ಅಲ್ಲೇ ತೀರ್ಮಾನ ತಗೊಂಡ್ರು. ಸುತ್ತಿಗೆ ಹಿಡಿದ ಆ ಮೆಕ್ಯಾನಿಕ್ ಯಾರೋ ದುಡ್ಡು ಕೊಟ್ಟು ಕರ್ಕೊಂಡು ಬಂದ ನಟ ಅಲ್ಲ, ತನ್ನ ಮನೆತನದವರನ್ನೇ ಸದ್ದಾಂ ಆಡಳಿತ ಕೊಂದಿತ್ತು ಅಂತ ಆತ ಹೇಳ್ಕೊಂಡಿದ್ದಾನೆ. ವೈಡ್ ಶಾಟ್ ಕೂಡ ಒಂದು ಫ್ರೇಮೇ, ಅದೂ ಒಂದು ನಿಮಿಷವನ್ನ ಮಾತ್ರ ಹಿಡಿಯುತ್ತೆ, ಅಷ್ಟು ದೂರದಿಂದ ಅವನ ಮುಖದ ಸಿಟ್ಟು ಕಾಣಲ್ಲ. ಹತ್ತಿರದ ಶಾಟ್ ಜನಸ್ತೋಮ ಅನ್ನೋ ಅರ್ಥ ಕೊಟ್ಟ ಹಾಗೆ ದೂರದ ಶಾಟ್ ಖಾಲಿ ನಾಟಕ ಅನ್ನೋ ಅರ್ಥ ಕೊಡ್ತು, ಎರಡೂ ಕಡೆ ಉಳಿದಿದ್ದನ್ನ ನೋಡೋರೇ ತುಂಬಿಕೊಂಡ್ರು. ಮೀಡಿಯಾ ವಿಮರ್ಶೆ ಕಲಿಯೋ ಹುಡುಗ ಹುಡುಗಿಯರು ಬಹಳ ಬೇಗ ಈ ಎರಡನೇ ಓದಿಗೆ ಜಾರ್ತಾರೆ, ಮೊದಲನೇದನ್ನ ಬಿಟ್ಟಿದ್ದೇ ಬುದ್ಧಿವಂತಿಕೆ ಅನ್ಸುತ್ತೆ. ಒಂದು ಗುಂಪು ಸಣ್ಣದಾಗಿರಬಹುದು, ಆ ಗುಂಪಿನ ಸಂತೋಷ ನಿಜವೂ ಆಗಿರಬಹುದು, ಅದನ್ನ ಇಡೀ ದೇಶದ ಸಂತೋಷ ಅಂತ ತೋರಿಸಿದ್ದು ತಪ್ಪೂ ಆಗಿರಬಹುದು. ಈ ಮೂರನ್ನೂ ಒಟ್ಟಿಗೆ ಹಿಡ್ಕೊಳ್ಳೋದು ಕಷ್ಟ, ಹೆಡ್‌ಲೈನ್‌ಗಂತೂ ಹಿಡಿಸಲ್ಲ.

ಕೊನೇದಾಗಿ ಕಾಲದ ವಿಷಯ. 2003ರ ಮೇ 1ಕ್ಕೆ ಅಧ್ಯಕ್ಷ ಬುಷ್ ವಿಮಾನವಾಹಕ ಹಡಗಿನ ಮೇಲೆ ನಿಂತು ಮುಖ್ಯ ಕಾರ್ಯಾಚರಣೆ ಮುಗೀತು ಅಂದ್ರು, ಹಿಂದೆ ಗುರಿ ಸಾಧಿಸಿದೆವು ಅನ್ನೋ ಬ್ಯಾನರ್ ಇತ್ತು. ಪ್ರತಿಮೆಯ ದೃಶ್ಯಕ್ಕೆ ಅದು ಮುಂದಿನ ಅಧ್ಯಾಯ ಥರ ಹೊಂದಿಕೊಂಡಿತು. ಆದ್ರೆ ಯುದ್ಧ ವರ್ಷಗಟ್ಟಲೆ ಎಳೀತು, ಎರಡೂ ಚಿತ್ರಗಳು ನಿಧಾನಕ್ಕೆ ತಿರುಗಿ ಬಿದ್ವು. ಸುತ್ತಿಗೆ ಹಿಡಿದ ಆ ಮನುಷ್ಯನೇ 2016ರಲ್ಲಿ ಬಿಬಿಸಿ ಜೊತೆ ಮಾತಾಡ್ತಾ ಆ ಕೆಲಸಕ್ಕೆ ಪಶ್ಚಾತ್ತಾಪ ಇದೆ, ಆಗಿದ್ರೆ ಪ್ರತಿಮೆನ ವಾಪಸ್ ನಿಲ್ಲಿಸ್ತಿದ್ದೆ ಅನ್ನೋ ಮಾತು ಹೇಳಿದ. ಈಗ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಯಾವುದಾದ್ರೂ ಚಾನೆಲ್‌ನಲ್ಲಿ ಆ ಫುಟೇಜ್ ಬಂದಾಗ ಗಮನಿಸಿ ನೋಡಿ, ಶಾಟ್ ಅದೇ ಹತ್ತಿರದ ಶಾಟ್, ಕಟ್ ಕೂಡ ಬಹುಪಾಲು ಅಲ್ಲೇ. ಬದಲಾಗಿರೋದು ವಾಯ್ಸ್‌ಓವರ್. 2003ರಲ್ಲಿ ಅದು ಯುದ್ಧದ ಕೊನೆಯ ದೃಶ್ಯ ಅಂತ ಬಂದಿತ್ತು, ಈಗ ಅದೇ ಟೇಪನ್ನ ಗಲಭೆಯ ಶುರುವಿನ ದೃಶ್ಯ ಅಂತ ಹಾಕ್ತಾರೆ.